ಹಿತ್ತಲಲ್ಲಿ ಬ್ಯಾಡ್ಜರ್ ಬಿಲ ಇದೆ, ಎಕ್ಸ್‌ಟೆನ್ಶನ್ ಕಟ್ಟಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಇಂಗ್ಲೆಂಡಿನಲ್ಲಿ ಮನೆ ತಗೊಂಡಿದ್ದೀರಿ, ಫೆಬ್ರವರಿಯಲ್ಲಿ ಹಿಂದುಗಡೆ ಎಕ್ಸ್‌ಟೆನ್ಶನ್ (ಮನೆಗೆ ಸೇರಿಸಿ ಕಟ್ಟುವ ಹೊಸ ಕೋಣೆ) ಶುರು ಮಾಡಬೇಕು, ಬೇಲಿ ಪಕ್ಕ ಬ್ಯಾಡ್ಜರ್ (ನೆಲ ತೋಡಿ ಬಿಲದಲ್ಲಿ ಇರುವ, ರಾತ್ರಿ ಓಡಾಡುವ ಕಾಡುಪ್ರಾಣಿ) ತೋಡಿದ ಹಾಗೆ ಕಾಣುವ ದೊಡ್ಡ ಬಿಲಗಳಿವೆ, ಬಿಲ್ಡರ್ "ಮಣ್ಣು ಸುರಿದು ಮುಚ್ಚಿಬಿಡೋಣ" ಅಂತಿದ್ದಾನೆ. ನಾನೂ ಇಲ್ಲಿ ಕಟ್ಟಡದ ಸೈಟುಗಳಲ್ಲೇ ಕೆಲಸ ಮಾಡುವವನು. ದಯವಿಟ್ಟು ಆ ಮಣ್ಣು ಸುರಿಯೋಕೆ ಬಿಡಬೇಡಿ.

ಇಲ್ಲಿ 1992ರ ಬ್ಯಾಡ್ಜರ್ ಸಂರಕ್ಷಣಾ ಕಾಯ್ದೆ ಇದೆ. ಪ್ರಾಣಿಯನ್ನು ಕೊಂದರೆ ಮಾತ್ರ ತಪ್ಪು ಅಂತಲ್ಲ. ಬಳಕೆಯಲ್ಲಿರುವ ಬಿಲವನ್ನು ಕೆಡಿಸುವುದು, ಅದರ ಬಾಯಿ ಮುಚ್ಚುವುದು, ಬ್ಯಾಡ್ಜರ್ ಒಳಗಿರುವಾಗ ತೊಂದರೆ ಕೊಡುವುದು, ಎಲ್ಲವೂ ಅಪರಾಧ. 6 ತಿಂಗಳವರೆಗೆ ಜೈಲು ಆಗಬಹುದು, ದಂಡಕ್ಕೆ ಮೇಲ್ಮಿತಿಯೇ ಇಲ್ಲ. ನಿಮ್ಮ ಎಕ್ಸ್‌ಟೆನ್ಶನ್‌ಗೆ ಪ್ಲಾನಿಂಗ್ ಪರ್ಮಿಶನ್ ಬೇಕಿಲ್ಲ ಅಂದರೂ ಈ ಕಾಯ್ದೆ ತಪ್ಪಲ್ಲ.

ಮೊದಲು ಅದು ಬ್ಯಾಡ್ಜರ್ ಬಿಲವೇ ಅಂತ ನೋಡಿ. ಎತ್ತರಕ್ಕಿಂತ ಅಗಲ ಜಾಸ್ತಿ ಇರುತ್ತದೆ, ಇಂಗ್ಲಿಷಿನ ಡಿ ಅಕ್ಷರವನ್ನು ಅಡ್ಡ ಮಲಗಿಸಿದ ಹಾಗೆ. ನರಿ ಬಿಲ ಹಾಗಲ್ಲ, ಅಗಲಕ್ಕಿಂತ ಎತ್ತರ ಇರುತ್ತದೆ, ಹೊರಗೆ ಗರಿ, ಮೂಳೆ ಬಿದ್ದಿರುತ್ತವೆ, ವಾಸನೆಯೂ ಬರುತ್ತದೆ. ಬ್ಯಾಡ್ಜರ್ ಬಿಲದ ಮುಂದೆ ಮಣ್ಣಿನ ದೊಡ್ಡ ಗುಡ್ಡೆ, ಅದರಲ್ಲಿ ಹಾಸಿಗೆಗೆ ಬಳಸಿ ಎಸೆದ ಒಣಹುಲ್ಲು. ಬೇಲಿಯ ತಂತಿಗೆ ಕೂದಲು ಸಿಕ್ಕಿರಬಹುದು: ಬುಡ, ತುದಿ ಬಿಳುಪು, ನಡುವೆ ಕಪ್ಪು. ಎರಡು ಬೆರಳಿನ ಮಧ್ಯೆ ಹೊಸೆದು ನೋಡಿ, ಸಲೀಸಾಗಿ ಉರುಳುವುದಿಲ್ಲ, ತಡೆದು ತಡೆದು ತಿರುಗುತ್ತದೆ. ಆ ಕೂದಲು ದುಂಡಗಿರುವುದಿಲ್ಲ, ಅದಕ್ಕೇ ಹಾಗೆ. (ನಮ್ಮ ಕಡೆಯ ತರಕರಡಿಗೆ ಇದು ದೂರದ ನೆಂಟ. ಆದರೆ ಇದರ ಮುಖ್ಯ ಊಟ ಎರೆಹುಳ.)

ಹೌದು ಅಂತ ಅನ್ನಿಸಿದರೆ ಒಬ್ಬ ಇಕಾಲಜಿಸ್ಟನ್ನು (ಕಾಡುಪ್ರಾಣಿಗಳ ನೆಲೆ ಪರಿಶೀಲಿಸುವ ತಜ್ಞ) ಕರೆಸಿ. ಪ್ಲಾನ್ ಬರೆಸಿದ ಮೇಲೆ ಅಲ್ಲ, ಅದಕ್ಕೆ ಮುಂಚೆ. ಬಿಲ ಒಳಗೆ ಎತ್ತ ತಿರುಗಿದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ, ಬಾಯಿ ಬೇಲಿ ಹತ್ತಿರ ಇದ್ದರೂ ಸುರಂಗ ನಿಮ್ಮ ಪಾಯದ ಕಡೆಗೇ ಬಂದಿರಬಹುದು. ಸುಮಾರು 30 ಮೀಟರ್ ಒಳಗೆ ಜೆಸಿಬಿ ಓಡಾಡುತ್ತದೆ ಅಂದರೆ ಸಾಮಾನ್ಯವಾಗಿ ಅವರು ಪರಿಶೀಲಿಸಿಯೇ ಹೇಳುತ್ತಾರೆ. ನನ್ನ ಅನುಭವದಲ್ಲಿ ತುಂಬಾ ಸಲ ಕೋಣೆಯನ್ನು ಸ್ವಲ್ಪ ಇನ್ನೊಂದು ಪಕ್ಕಕ್ಕೆ ಸರಿಸಿ, ಹತ್ತಿರದ ಭಾಗವನ್ನು ಕೈಯಲ್ಲೇ ಅಗೆದರೆ ಬಿಲ ಮುಟ್ಟೋಕೆ ಬೇಕಾದ ಲೈಸೆನ್ಸಿನ ತಂಟೆಯೇ ಬರುವುದಿಲ್ಲ. ಇದೇ ಅಗ್ಗದ ದಾರಿ.

ಸರಿಸೋಕೆ ಆಗೋದೇ ಇಲ್ಲ ಅಂದರೆ ನ್ಯಾಚುರಲ್ ಇಂಗ್ಲೆಂಡ್‌ನಿಂದ (ಪ್ರಕೃತಿ ಸಂರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಲೈಸೆನ್ಸ್ ಬೇಕು. ಆಗ ನಿಮ್ಮ ಫೆಬ್ರವರಿಯನ್ನು ಮರೆತುಬಿಡಿ. ಹೆಚ್ಚಿನ ಮರಿಗಳು ಹುಟ್ಟುವುದು ಆ ತಿಂಗಳಲ್ಲೇ. ಬಿಲ ಮುಚ್ಚೋಕೆ ಸಾಮಾನ್ಯವಾಗಿ ಜುಲೈನಿಂದ ನವೆಂಬರ್ ಕೊನೆಯವರೆಗೆ ಮಾತ್ರ ಅವಕಾಶ.

ಮುಚ್ಚುವುದೂ ಒಂದೇ ದಿನದ ಕೆಲಸ ಅಲ್ಲ. ಪ್ರತಿ ಬಾಯಿಗೂ ಹೊರಕ್ಕೆ ಮಾತ್ರ ತೆರೆಯುವ ಬಾಗಿಲು ಕೂರಿಸುತ್ತಾರೆ. ಬ್ಯಾಡ್ಜರ್ ತಳ್ಳಿಕೊಂಡು ಹೊರಗೆ ಬರಬಹುದು, ಒಳಗೆ ಹೋಗೋಕೆ ಆಗಲ್ಲ. ಅದು ಸುಮ್ನೆ ಇರುತ್ತಾ? ಪಕ್ಕದಲ್ಲೇ ತೋಡಿ ಒಳಗೆ ನುಗ್ಗುತ್ತದೆ. ಅದಕ್ಕೇ ಸುತ್ತಲಿನ ನೆಲಕ್ಕೆ ದಪ್ಪ ತಂತಿ ಜಾಲರಿ ಹಾಸಿ, ಗೂಟ ಹೊಡೆದು ಬಿಗಿಯುತ್ತಾರೆ. 21 ದಿನ ಒಂದೂ ವಾಪಸ್ ಹೋಗಿಲ್ಲ ಅಂತ ಖಾತ್ರಿ ಆಗಬೇಕು. ನಡುವೆ ಒಂದು ನುಗ್ಗಿದರೆ ಮತ್ತೆ ಮೊದಲಿನಿಂದ ಎಣಿಕೆ. ಆಮೇಲಷ್ಟೇ ಇಕಾಲಜಿಸ್ಟ್ ಎದುರಿಗೆ ಅಗೆಯುವುದು. ಮರಿ ಹಾಕುವ ಮುಖ್ಯ ಬಿಲವೇ ಹೋಗುತ್ತದೆ ಅಂದರೆ ಅದಕ್ಕೆ ಬದಲಾಗಿ ಕೃತಕ ಬಿಲ ಮೊದಲೇ ಕಟ್ಟಿಕೊಡಬೇಕಾಗುತ್ತದೆ. ಮನೆ ಹಿತ್ತಲಲ್ಲಿ ಅದಕ್ಕೆ ಜಾಗ ಎಲ್ಲಿ, ಅಲ್ವಾ?

ಬಿಲಕ್ಕೆ ಕೈ ಹಚ್ಚದೆ ಕಟ್ಟುವುದಾದರೂ ಬಿಲ್ಡರ್‌ಗೆ ಒಂದು ಮಾತು ಹೇಳಿಡಿ. ಇವು ಓಡಾಡುವುದು ರಾತ್ರಿ. ಸಂಜೆ ಪಾಯದ ಗುಂಡಿಯನ್ನು ಹಾಗೇ ಬಿಟ್ಟು ಹೋದರೆ ಬೀಳುತ್ತವೆ. ಗುಂಡಿಯೊಳಗೆ ಒಂದು ಅಗಲವಾದ ಹಲಗೆಯನ್ನು ಇಳಿಜಾರಾಗಿ ಒರಗಿಸಿಟ್ಟರೆ ಹತ್ತಿ ಬರುತ್ತವೆ. ದಪ್ಪ ಪೈಪುಗಳ ಬಾಯಿ ಮುಚ್ಚಿಡಬೇಕು. ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಗುಂಡಿ ಇಣುಕಿ ನೋಡಿ. ಒಳಗೆ ಬ್ಯಾಡ್ಜರ್ ಇದ್ದರೆ ಕೈ ಹಾಕಬೇಡಿ, ಕಚ್ಚಿದರೆ ಬಿಡುವ ಪ್ರಾಣಿ ಅಲ್ಲ. ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎಗೋ ನಿಮ್ಮ ಭಾಗದ ಬ್ಯಾಡ್ಜರ್ ಗ್ರೂಪಿಗೋ (ಬ್ಯಾಡ್ಜರ್‌ಗಳನ್ನು ಕಾಪಾಡುವ ಸ್ಥಳೀಯ ಸ್ವಯಂಸೇವಕರು) ಫೋನ್ ಮಾಡಿ.