ನಿಂತು ತಿಂದ ಸಿಹಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ನನ್ನ ಬಳಿ ಬಂದವರು ನಲವತ್ತರ ಆಸುಪಾಸಿನ ವಿವಾಹಿತ ಮಹಿಳೆ. ಲೆಕ್ಕಪತ್ರದ ಕೆಲಸದಲ್ಲಿದ್ದವರು, ಇಬ್ಬರು ಮಕ್ಕಳ ತಾಯಿ. ವಾರಕ್ಕೆ ಎರಡು ಬಾರಿಯಾದರೂ ಕೇಕ್, ಬಿಸ್ಕತ್ತುಗಳನ್ನು ತಾವೇ ಬೇಯಿಸುವ ಅಭ್ಯಾಸ ಅವರಿಗೆ ಹದಿನೈದು ವರ್ಷಗಳಿಂದಲೂ ಇತ್ತು. ಮೂರು ವರ್ಷಗಳಲ್ಲಿ ಅವರ ತೂಕ 65 ಕಿಲೋದಿಂದ 74 ಕಿಲೋಗೆ ಏರಿತ್ತು. ಮೊದಲ ಭೇಟಿಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು ಅವರು ಹೇಳಿದ ಮೊದಲ ಮಾತು ಇದು: “ಮೇಡಂ, ಓವನ್ ಯಾರಿಗಾದರೂ ಕೊಟ್ಟುಬಿಡಬೇಕು ಅಂತಿದ್ದೇನೆ. ಕೊಟ್ಟರೆ ನನ್ನದು ಅಂತ ಏನೂ ಉಳಿಯುವುದಿಲ್ಲ, ಇಟ್ಟುಕೊಂಡರೆ ತೂಕ ಇಳಿಯುವುದಿಲ್ಲ.”

ಈ ಮಾತಿನಲ್ಲಿ ಎರಡು ದುಃಖಗಳಿದ್ದವು. ತೂಕದ ಬಗ್ಗೆ ಅವರು ಎಲ್ಲರೊಡನೆ ಮಾತನಾಡಿದ್ದರು. ‘ನನ್ನದು ಅಂತ ಏನೂ ಉಳಿಯುವುದಿಲ್ಲ’ ಎಂಬುದನ್ನು ಮಾತ್ರ ಯಾರ ಮುಂದೆಯೂ ಹೇಳಿರಲಿಲ್ಲ. ಕಚೇರಿ, ಮಕ್ಕಳ ಓದು, ಮನೆಯ ಹಿರಿಯರ ಔಷಧಿ ಇವೆಲ್ಲ ಮುಗಿದ ಮೇಲೆ ಸಿಗುವ ಒಂದೂವರೆ ಗಂಟೆಯಲ್ಲಿ ಹಿಟ್ಟು ಜರಡಿ ಹಿಡಿಯುವುದು, ಬೆಣ್ಣೆ ಮತ್ತು ಸಕ್ಕರೆಯನ್ನು ನೊರೆಯಾಗುವಂತೆ ಕಲಸುವುದು, ಒಲೆಯ ಗಾಜಿನ ಹಿಂದೆ ಕೇಕ್ ಉಬ್ಬುವುದನ್ನು ನೋಡುತ್ತ ನಿಲ್ಲುವುದು, ಇದಷ್ಟೇ ಅವರು ತಮಗಾಗಿ ಮಾಡಿಕೊಳ್ಳುತ್ತಿದ್ದ ಕೆಲಸ. ಅದನ್ನು ಬಿಡಿ ಎನ್ನುವ ಸಲಹೆ ಸುಲಭವಾದದ್ದು; ಅದಾಗಲೇ ಅವರಿಗೆ ಹಲವರಿಂದ ಸಿಕ್ಕಿತ್ತು. ನಾನು ಆ ದಾರಿ ಹಿಡಿಯಲಿಲ್ಲ.

ಮೊದಲು ವೈದ್ಯರ ಬಳಿ ಕಳುಹಿಸಿದೆ. ಥೈರಾಯ್ಡ್, ರಕ್ತದ ಸಕ್ಕರೆ, ರಕ್ತದೊತ್ತಡ ಇವುಗಳ ಪರೀಕ್ಷೆಯಾಗದೆ ತೂಕದ ವಿಷಯದಲ್ಲಿ ಮನಸ್ಸನ್ನಷ್ಟೇ ದೂರುವುದು ಸರಿಯಲ್ಲ. ಫಲಿತಾಂಶಗಳಲ್ಲಿ ಗಾಬರಿಯಾಗುವಂಥದ್ದು ಏನೂ ಇರಲಿಲ್ಲ, ಊಟಕ್ಕೆ ಮುನ್ನ ಅಳೆದ ಸಕ್ಕರೆ ಮಾತ್ರ ಮೇಲಿನ ಅಂಚಿಗೆ ಹತ್ತಿರವಿತ್ತು. ಅತಿಯಾಗಿ ತಿನ್ನುವ ಕಾಯಿಲೆ ಇದೆಯೇ ಎಂಬುದನ್ನೂ ನಾನು ವಿವರವಾಗಿ ಕೇಳಿ ತಿಳಿದುಕೊಂಡೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದೆ. ಕಡಿಮೆ ಅವಧಿಯಲ್ಲಿ ಬೇರೆಯವರು ತಿನ್ನುವುದಕ್ಕಿಂತ ಬಹಳ ಹೆಚ್ಚು ತಿನ್ನುವುದು, ತಿನ್ನುವಾಗ ತಡೆಯಲಾಗದ ಭಾವ, ಇದು ವಾರಕ್ಕೆ ಒಮ್ಮೆಯಾದರೂ ಮೂರು ತಿಂಗಳು ನಡೆಯುವುದು ಅದರ ಮುಖ್ಯ ಲಕ್ಷಣಗಳು. ಇವರಲ್ಲಿ ತಡೆಯಲಾಗದ ಭಾವ ಇತ್ತು, ಆದರೆ ಪ್ರಮಾಣ ಅಷ್ಟಿರಲಿಲ್ಲ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ಇದ್ದಿದ್ದರೆ ನಾನೊಬ್ಬಳೇ ಮುಂದುವರಿಯದೆ ಮನೋವೈದ್ಯರನ್ನೂ ಜೊತೆಗೆ ಕರೆದುಕೊಳ್ಳುತ್ತಿದ್ದೆ. ಇಂಥ ಲಕ್ಷಣ ತಮ್ಮಲ್ಲಿದೆ ಎಂದು ಯಾರಿಗಾದರೂ ಅನ್ನಿಸಿದರೆ ಈ ಬರಹದ ಸಲಹೆ ಅವರಿಗೆ ಸಾಲದು, ವೈದ್ಯರನ್ನು ಕಾಣಲೇಬೇಕು.

ಮೂರು ವರ್ಷಗಳ ಅವರ ಕಥೆ ಒಂದೇ ಚಕ್ರದ ಪುನರಾವರ್ತನೆಯಾಗಿತ್ತು. ಸೋಮವಾರ ಸಿಹಿತಿಂಡಿ ಪೂರ್ತಿ ಬಂದ್. ಗುರುವಾರದ ಹೊತ್ತಿಗೆ ತಲೆಯಲ್ಲಿ ಸಿಹಿಯದೇ ಯೋಚನೆ. ಶನಿವಾರ ಮಕ್ಕಳಿಗಾಗಿ ಕೇಕ್ ಮಾಡಿ, ಒಂದು ಚೂರು ಬಾಯಿಗೆ ಹೋಯಿತೆಂದರೆ ‘ಹೇಗೂ ವ್ರತ ಕೆಟ್ಟಿತು’ ಎಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬಿ ತೆರೆಯುವುದು. ಮತ್ತೆ ಸೋಮವಾರ. ಇದನ್ನು ಅವರು ತಮ್ಮ ಮನೋಬಲದ ಕೊರತೆ ಎಂದೇ ನಂಬಿದ್ದರು. ಆದ್ದರಿಂದ ಎರಡು ಹಳೆಯ ಅಧ್ಯಯನಗಳನ್ನು ಅವರಿಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆ. 1944–45ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದಿದ್ದವರೂ ಊಟದ ಬಗ್ಗೆಯೇ ಮಾತನಾಡತೊಡಗಿದರು, ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ನಡೆಸಿದ ಪ್ರಯೋಗದಲ್ಲಿ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಂ ಮುಂದಿಟ್ಟರು. ಸಾಮಾನ್ಯವಾಗಿ ತಿನ್ನುವವರು ಹೊಟ್ಟೆ ತುಂಬಿದ್ದರಿಂದ ಕಡಿಮೆ ತಿಂದರು. ತಿನ್ನುವುದರ ಮೇಲೆ ಸದಾ ಕಡಿವಾಣ ಹಾಕಿಕೊಂಡಿದ್ದವರು, ಕುಡಿದದ್ದರಿಂದ ತಮ್ಮ ನಿಯಮ ಮುರಿದಂತಾಗಿ, ಹೆಚ್ಚು ತಿಂದರು. ಇದನ್ನು ಕೇಳಿದ ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ನನ್ನೊಬ್ಬಳ ಗುಣ ಅಲ್ಲ” ಎಂದರು. ಈ ಮಾತು ಅವರ ಬಾಯಿಂದಲೇ ಬಂದದ್ದು ನನಗೆ ಬಹಳ ಸಮಾಧಾನ ತಂದಿತು. ನಾಚಿಕೆಯಿಂದ ತೂಕ ಇಳಿಸಿಕೊಂಡವರನ್ನು ನಾನು ಕಂಡಿಲ್ಲ. ನಾಚಿಕೆಯಿಂದ ಬಚ್ಚಿಟ್ಟುಕೊಂಡು ತಿನ್ನುವವರನ್ನು ಮಾತ್ರ ಸಾಕಷ್ಟು ಕಂಡಿದ್ದೇನೆ.

ಮೊದಲ ಭೇಟಿಯಲ್ಲೇ ನಾನು ಕೇಳಿದ ಇನ್ನೊಂದು ಪ್ರಶ್ನೆಯನ್ನು ಇಲ್ಲಿ ಹೇಳಬೇಕು. “ನಿಮ್ಮ ನಿಂಬೆಯ ಕೇಕ್ ರುಚಿ ಹೇಗಿರುತ್ತದೆ?” ಎಂದಾಗ ಅವರು, ಮಗಳು ಏನಂದಳು, ಸಹೋದ್ಯೋಗಿಗಳು ಏನಂದರು ಎಂಬುದನ್ನೆಲ್ಲ ಹೇಳಿದರು. ತಮಗೆ ಹೇಗನ್ನಿಸಿತು ಎಂಬುದು ಆ ಉತ್ತರದಲ್ಲಿ ಎಲ್ಲಿಯೂ ಬರಲಿಲ್ಲ.

ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳಿದೆ. ಕ್ಯಾಲೊರಿ ಬರೆಯುವುದು ಬೇಡ, ತೂಕ ಬರೆಯುವುದು ಬೇಡ. ಸಿಹಿ ಬಾಯಿಗೆ ಹೋದಾಗಲೆಲ್ಲ ಏನು, ಎಷ್ಟು ಹೊತ್ತಿಗೆ, ಎಲ್ಲಿ, ಕೂತೋ ನಿಂತೋ ಎಂಬುದಷ್ಟೇ ಸಾಕು ಎಂದೆ. ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಾಗ ಅವರ ಮುಖ ಬೇರೆಯೇ ಆಗಿತ್ತು. ಪುಟಗಳಲ್ಲಿ ‘ನಿಂತು’ ಎಂಬ ಪದವೇ ಸಾಲುಸಾಲಾಗಿ ಇಳಿದಿತ್ತು. ಪಾತ್ರೆಯ ಅಂಚಿಗೆ ಅಂಟಿದ ಹಿಟ್ಟಿನ ಮಿಶ್ರಣ, ಚಮಚದ ಕ್ರೀಮ್, ಮೇಲ್ಭಾಗ ಸಮ ಮಾಡುವಾಗ ಕತ್ತರಿಸಿದ ಚೂರುಗಳು, ಮುರಿದ ಬಿಸ್ಕತ್ತು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ರಾತ್ರಿ ಹನ್ನೊಂದಕ್ಕೆ ಫ್ರಿಜ್ ಬಾಗಿಲು ತೆರೆದಿಟ್ಟುಕೊಂಡೇ ತಿಂದದ್ದು. ಎಲ್ಲರಿಗೂ ತಟ್ಟೆಯಲ್ಲಿ ಹಾಕಿ ಕೊಟ್ಟ ಕೇಕಿನ ಒಂದು ಪೂರ್ತಿ ತುಂಡನ್ನು ಆ ಎರಡು ವಾರಗಳಲ್ಲಿ ಅವರು ಒಮ್ಮೆಯೂ ಕೂತು ತಿಂದಿರಲಿಲ್ಲ. “ನಾನು ಡಯಟ್‌ನಲ್ಲಿದ್ದೇನೆ, ನನಗೆ ಬೇಡ” ಎಂದು ಎಲ್ಲರೆದುರು ತುಂಡನ್ನು ಬಿಟ್ಟವರು, ಅಡುಗೆಮನೆಯಲ್ಲಿ ಅದರ ಎರಡು ಪಟ್ಟು ಚೂರುಗಳನ್ನು ತಿನ್ನುತ್ತಿದ್ದರು. ಹೊಟ್ಟೆಗೆ ಹೋದದ್ದು ನಿಜ, ತಿಂದ ತೃಪ್ತಿ ಮಾತ್ರ ಸಿಕ್ಕಿರಲಿಲ್ಲ.

ಲೆಕ್ಕದವರಿಗೆ ಲೆಕ್ಕದಲ್ಲೇ ಹೇಳಿದರೆ ಹೆಚ್ಚು ತಟ್ಟುತ್ತದೆ ಎಂದು ಇಬ್ಬರೂ ಕೂತು ಅವರ ಮಾಮೂಲಿ ಕೇಕಿನ ಲೆಕ್ಕ ಹಾಕಿದೆವು. 200 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, ನಾಲ್ಕು ಮೊಟ್ಟೆ. ಒಟ್ಟು ಸುಮಾರು 3,200 ಕ್ಯಾಲೊರಿ. ಅದರಲ್ಲಿ ಅರ್ಧಕ್ಕೆ ಹತ್ತಿರ ಬೆಣ್ಣೆಯದೇ, ಏಕೆಂದರೆ ಸಕ್ಕರೆಯ ಒಂದು ಗ್ರಾಂ 4 ಕ್ಯಾಲೊರಿ ಕೊಟ್ಟರೆ ಕೊಬ್ಬಿನ ಒಂದು ಗ್ರಾಂ 9 ಕ್ಯಾಲೊರಿ ಕೊಡುತ್ತದೆ. ಸಕ್ಕರೆಯನ್ನಷ್ಟೇ ಶತ್ರುವೆಂದುಕೊಂಡು ಬೆಣ್ಣೆಯನ್ನು ಮರೆತಿದ್ದ ಅವರಿಗೆ ಇದು ಅಚ್ಚರಿಯಾಯಿತು. 16 ತುಂಡು ಮಾಡಿದರೆ ಒಂದಕ್ಕೆ 200 ಕ್ಯಾಲೊರಿ, ಸಕ್ಕರೆ ಹನ್ನೆರಡೂವರೆ ಗ್ರಾಂ. ಬೇಯಿಸದ ಮಿಶ್ರಣದ ಒಂದು ದೊಡ್ಡ ಚಮಚಕ್ಕೆ ಸುಮಾರು 60 ಕ್ಯಾಲೊರಿ. ದೇಹದ ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲೊರಿ ಎಂಬ ಸ್ಥೂಲ ಲೆಕ್ಕ ಹಿಡಿದರೆ, ಮೂರು ವರ್ಷಗಳಲ್ಲಿ ಏರಿದ 9 ಕಿಲೋ ದಿನಕ್ಕೆ ಅರವತ್ತು ಚಿಲ್ಲರೆ ಕ್ಯಾಲೊರಿಯ ಹೆಚ್ಚುವರಿಗೆ ಸಮ. ದೇಹ ಭಾರವಾದಂತೆ ಅದು ಬಳಸುವ ಶಕ್ತಿಯೂ ಹೆಚ್ಚುವುದರಿಂದ ನಿಜವಾದ ಅಂಕಿ ಇದಕ್ಕಿಂತ ದೊಡ್ಡದೇ ಇರುತ್ತದೆ. ಆದರೂ ತಾನೊಬ್ಬ ಹೊಟ್ಟೆಬಾಕಿ ಎಂಬ ಅವರ ನಂಬಿಕೆಯನ್ನು ಸಡಿಲಿಸಲು ಈ ಲೆಕ್ಕ ಸಾಕಾಯಿತು.

ಮುಂದಿನ ಭೇಟಿಗೆ ತಾವೇ ಮಾಡಿದ ಕೇಕಿನ ಎರಡು ತುಂಡು ತರಲು ಹೇಳಿದೆ. ನನ್ನ ಕೊಠಡಿಯಲ್ಲಿ ಇಬ್ಬರೂ ತಟ್ಟೆ ಹಿಡಿದು ಕೂತೆವು. ಮೊದಲು ಮೂಸಿ ನೋಡಿ, ಸಣ್ಣ ತುತ್ತು ತೆಗೆದುಕೊಂಡು, ಅದು ಪೂರ್ತಿ ಕರಗಿದ ಮೇಲಷ್ಟೇ ಎರಡನೆಯದಕ್ಕೆ ಕೈ ಹಾಕಬೇಕು ಎಂದಿದ್ದೆ. ಮೊದಲ ತುತ್ತಿಗೆ ಅವರ ಕಣ್ಣಲ್ಲಿ ನೀರು ಬಂತು. ಏಕೆಂದು ನಾನು ಕೇಳಲಿಲ್ಲ. ಏಳನೆಯದೋ ಎಂಟನೆಯದೋ ತುತ್ತಿನ ಹೊತ್ತಿಗೆ “ಮೊದಲಿನಷ್ಟು ರುಚಿ ಅನ್ನಿಸುತ್ತಿಲ್ಲ” ಎಂದು ಫೋರ್ಕ್ ಕೆಳಗಿಟ್ಟರು. ಒಂದೇ ರುಚಿಯನ್ನು ಸವಿಯುತ್ತ ಹೋದಂತೆ ಅದರ ಸುಖ ಇಳಿಯುವುದು ದೇಹದ ಸಹಜ ಗುಣ. ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ಗಮನವಿಟ್ಟು ತಿಂದರೆ ಈ ಇಳಿತ ಅರಿವಿಗೆ ಬರುತ್ತದೆ, ಪಾತ್ರೆ ತೊಳೆಯುತ್ತ ತಿಂದರೆ ಬರುವುದಿಲ್ಲ.

ಇದಾದ ಮೇಲೆ ನಾನು ಕೊಟ್ಟ ಸಲಹೆಯ ತಿರುಳು ಒಂದೇ: ಸಿಹಿಗೆ ನಿಷೇಧ ಬೇಡ, ಅದಕ್ಕೊಂದು ಜಾಗ ಇರಲಿ. ಮಾಡಿದ ದಿನ ಒಂದು ತುಂಡು, ಊಟವಾದ ಮೇಲೆ, ತಟ್ಟೆಯಲ್ಲಿ, ಕೂತು, ಎಲ್ಲರೆದುರು. ಹಸಿದ ಹೊಟ್ಟೆಯಲ್ಲಿ ಬೇಯಿಸಲು ಹೋಗಬಾರದು, ಊಟ ಮುಗಿಸಿಯೇ ಹಿಟ್ಟಿಗೆ ಕೈ ಹಾಕಬೇಕು. ರುಚಿ ನೋಡುವ ಚಮಚ ಒಂದು ಬಾರಿ ಮಾತ್ರ, ಅದೂ ಬೆಂದ ಮೇಲೆ. ಹಸಿ ಮೊಟ್ಟೆ, ಹಸಿ ಹಿಟ್ಟು ಎರಡರಲ್ಲೂ ರೋಗಾಣುಗಳಿರಬಹುದಾದ್ದರಿಂದ ಹಸಿ ಮಿಶ್ರಣ ನೆಕ್ಕುವುದು ಹೇಗೂ ಒಳ್ಳೆಯದಲ್ಲ. ಕತ್ತರಿಸಿದ ಚೂರುಗಳನ್ನು ತಕ್ಷಣ ಒಂದು ಡಬ್ಬಿಗೆ ಹಾಕಿ ಮುಚ್ಚಿಡಬೇಕು. ಕೇಕ್ ಆರಿದ ಮೇಲೆ ಆ ದಿನಕ್ಕೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ತುಂಡುತುಂಡಾಗಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಕೈಗೂ ಸುಲಭವಾಗಿ ಸಿಗುವುದಿಲ್ಲ. ಇವೆಲ್ಲಕ್ಕಿಂತ ಅವರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅಚ್ಚಿನ ಗಾತ್ರ. ಎಲ್ಲ ಅಳತೆಗಳನ್ನೂ ಅರ್ಧ ಮಾಡಿ ಸಣ್ಣ ಅಚ್ಚಿನಲ್ಲಿ ಬೇಯಿಸಿದರೆ ಬೇಯಿಸುವ ಸಂತೋಷ ಪೂರ್ತಿ ಸಿಗುತ್ತದೆ, ಉಳಿಯುವುದು ಮಾತ್ರ ಕಡಿಮೆ.

ಪಾಕವಿಧಾನವನ್ನೂ ಸ್ವಲ್ಪ ತಿದ್ದಿದೆವು. ಸಾಮಾನ್ಯ ಕೇಕಿನಲ್ಲಿ ಸಕ್ಕರೆಯನ್ನು ಕಾಲುಭಾಗ ಇಳಿಸಿದರೆ ಹೆಚ್ಚಿನವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅರ್ಧಕ್ಕೆ ಇಳಿಸಿದರೆ ಕೇಕ್ ಒಣಗಿ ಬಣ್ಣಗೆಡುತ್ತದೆ, ಏಕೆಂದರೆ ಸಕ್ಕರೆ ಸಿಹಿಯ ಜೊತೆಗೆ ತೇವವನ್ನೂ ಹಿಡಿದಿಡುತ್ತದೆ, ಬೆಣ್ಣೆಯೊಳಗೆ ಗಾಳಿ ಸೇರಿಸಿ ಕೇಕನ್ನು ಹಗುರವಾಗಿಸುತ್ತದೆ. ಅವರು ಒಂದು ವರ್ಷದಿಂದ ಕೆಲವು ಕೇಕ್‌ಗಳಿಗೆ ಸಕ್ಕರೆಯ ಬದಲು ಜೇನುತುಪ್ಪ ಹಾಕುತ್ತಿದ್ದರು, ಅದು ಲೆಕ್ಕಕ್ಕೆ ಬರುವುದಿಲ್ಲ ಎಂಬ ನಂಬಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯು ಜೇನುತುಪ್ಪವನ್ನೂ ಮಿತಿಗೊಳಿಸಬೇಕಾದ ಸಕ್ಕರೆಯ ಗುಂಪಿಗೇ ಸೇರಿಸುತ್ತದೆ. ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ, ಎಂದರೆ 2,000 ಕ್ಯಾಲೊರಿಯ ಆಹಾರದಲ್ಲಿ ಸುಮಾರು 50 ಗ್ರಾಂ ಅಥವಾ 12 ಟೀ ಚಮಚಕ್ಕಿಂತ ಕಡಿಮೆ ಇರಬೇಕೆಂದೂ, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದೆಂದೂ ಅದು ಹೇಳುತ್ತದೆ. ಕೃತಕ ಸಿಹಿಕಾರಕಗಳ ಬಗ್ಗೆಯೂ ಕೇಳಿದರು. ತೂಕ ಹತೋಟಿಗಾಗಿ ಅವುಗಳನ್ನು ನೆಚ್ಚಬಾರದೆಂದು ಅದೇ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ ಎಂದು ತಿಳಿಸಿ ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು. ದಿನಕ್ಕೆ ಐದು ಲೋಟ ಚಹಾದಲ್ಲಿ ಅವರು ಹಾಕಿಕೊಳ್ಳುತ್ತಿದ್ದ ಹತ್ತು ಚಮಚ ಸಕ್ಕರೆಯನ್ನು ಮೂರಕ್ಕೆ ಇಳಿಸಿದ್ದು ನಿಜವಾಗಿ ದೊಡ್ಡ ಬದಲಾವಣೆ. ಅದರಲ್ಲಿ ಅವರಿಗೆ ಪ್ರೀತಿಯೂ ಇರಲಿಲ್ಲ, ಅಭ್ಯಾಸ ಮಾತ್ರ ಇತ್ತು. ಪ್ರೀತಿಯಿಂದ ತಿನ್ನುವ ಸಿಹಿಗೆ ಜಾಗ ಮಾಡಲು ಪ್ರೀತಿಯಿಲ್ಲದ ಸಿಹಿಯನ್ನು ಮೊದಲು ಬಿಡಬೇಕೆಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ನಡಿಗೆ, ನಿದ್ದೆಗಳ ಮಾತೂ ಬಂತು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು ಅವರಿಗೆ ಕಷ್ಟವಾಗಲಿಲ್ಲ. ನಿದ್ದೆ ಕಷ್ಟವಾಯಿತು. ನಿದ್ದೆ ಕಡಿಮೆಯಾದರೆ ಹಸಿವೆ ಮತ್ತು ಸಿಹಿಯ ಆಸೆ ಹೆಚ್ಚುತ್ತದೆ, ಅವರ ರಾತ್ರಿಯ ಡಬ್ಬಿಗೆ ಇದೂ ಒಂದು ಕಾರಣವಾಗಿತ್ತು. ಪತಿಯನ್ನು ಒಂದು ಭೇಟಿಗೆ ಕರೆಸಿ, “ಮತ್ತೆ ತಿಂದೆಯಾ?” ಎಂಬ ಪ್ರಶ್ನೆಯನ್ನು ನಿಲ್ಲಿಸಿ, ರಾತ್ರಿ ಪಾತ್ರೆ ತೊಳೆದು ಅಡುಗೆಮನೆ ಮುಚ್ಚುವ ಕೆಲಸವನ್ನು ತಾವು ವಹಿಸಿಕೊಳ್ಳಬೇಕೆಂದು ಕೇಳಿಕೊಂಡೆ. ಅವರು ಮರುಮಾತಿಲ್ಲದೆ ಒಪ್ಪಿದರು.

ಎಂಟು ತಿಂಗಳಲ್ಲಿ ಹನ್ನೆರಡು ಭೇಟಿಗಳಾದವು. ನಾಲ್ಕನೆಯ ತಿಂಗಳಲ್ಲಿ, ಕಚೇರಿಯ ವಾರ್ಷಿಕ ಲೆಕ್ಕದ ಒತ್ತಡದಲ್ಲಿ, ಹಳೆಯ ರಾತ್ರಿಗಳು ಎರಡು ವಾರ ಮರಳಿ ಬಂದವು. ಅದನ್ನು ಅವರು ಮುಚ್ಚಿಡದೆ ಫೋನ್ ಮಾಡಿ ಹೇಳಿದರು. ಮರುದಿನದಿಂದ ಉಪವಾಸ ಮಾಡದೆ ಎಂದಿನ ಊಟಕ್ಕೇ ಮರಳಬೇಕೆಂದು ಮಾತ್ರ ಹೇಳಿದೆ. ಕೊನೆಯ ಭೇಟಿಯಲ್ಲಿ ತೂಕ 70 ಕಿಲೋ ಇತ್ತು. 4 ಕಿಲೋ ಇಳಿದದ್ದು ಕಡಿಮೆಯಾಯಿತು ಎಂದು ಅವರಿಗೆ ಸ್ವಲ್ಪ ಬೇಸರವಿತ್ತು. ದೇಹತೂಕದ ಶೇ 5ರಷ್ಟು ಇಳಿದರೂ ರಕ್ತದ ಸಕ್ಕರೆ, ರಕ್ತದೊತ್ತಡಗಳು ಸುಧಾರಿಸುವ ಸಾಧ್ಯತೆ ಇರುತ್ತದೆ ಎಂಬುದನ್ನು ನೆನಪಿಸಿ, ಮೂರು ತಿಂಗಳ ನಂತರ ಮತ್ತೊಮ್ಮೆ ಬಂದು ಹೋಗಲು ತಿಳಿಸಿದೆ. ನೋಟ್‌ಬುಕ್ ಬರೆಯುವುದನ್ನು ನಾನು ನಿಲ್ಲಿಸಲು ಹೇಳಿದ್ದರೂ ಅವರು ನಿಲ್ಲಿಸಿರಲಿಲ್ಲ. ಹಿಂದಿನ ಶನಿವಾರದ ಸಾಲನ್ನು ತೋರಿಸಿದರು: “ಸಂಜೆ 4. ಊಟದ ಮೇಜು. ಕೂತು. ಒಂದು ತುಂಡು. ನಿಂಬೆ ಸಿಪ್ಪೆ ಸ್ವಲ್ಪ ಜಾಸ್ತಿಯಾಗಿ ಕೊನೆಗೆ ಕಹಿ ಬಂತು, ಮುಂದಿನ ಸಲ ಅರ್ಧ ಸಾಕು.”