ಜನರೊಂದಿಗೆ ಬೆರೆಯುವ ಸ್ವಭಾವವಿದ್ದರೆ ಆಸ್ಪತ್ರೆಯ ನೇಮಕಾತಿ ಕೆಲಸದಲ್ಲಿ ಮೇಲೆ ಬರಬಹುದೇ?

ಜನರ ಒಡನಾಟ ಇಷ್ಟ, ಆಸ್ಪತ್ರೆಗಳಿಗೆ ಸಿಬ್ಬಂದಿ ನೇಮಿಸುವ ಕೆಲಸಕ್ಕೆ ಸೇರಿ ಮುಂದೆ ಆ ವಿಭಾಗದ ಮುಖ್ಯಸ್ಥೆಯಾಗಬೇಕು, ಅದಕ್ಕೆ ಮೊದಲು ಎಂಬಿಎ ಮಾಡಲೇ, ನೇಮಕಾತಿ ಏಜೆನ್ಸಿ ಸೇರಲೇ ಎಂದು ಕೇಳಿದ್ದೀರಿ. ನಾನು ಈ ಕ್ಷೇತ್ರಕ್ಕೆ ಕಾಲಿಟ್ಟಿದ್ದೂ ಜನರ ಒಡನಾಟ ಇಷ್ಟ ಎಂದು ಹೇಳಿಕೊಂಡೇ. ಹಾಗಾಗಿ ಎಂಬಿಎ ವಿಚಾರ ಆಮೇಲೆ ನೋಡೋಣ.

ಏಜೆನ್ಸಿಯೊಂದರಲ್ಲಿ ಕೆಲಸ ಕಲಿತು, ನಂತರ ದೊಡ್ಡ ಆಸ್ಪತ್ರೆಯೊಂದರ ಮಾನವ ಸಂಪನ್ಮೂಲ ವಿಭಾಗಕ್ಕೆ ಬಂದೆ. ಹುದ್ದೆ ಖಾಲಿಯಾದ ಮೇಲೆ ಎಷ್ಟು ದಿನದಲ್ಲಿ ತುಂಬಿದೆವು ಎಂಬುದೇ ಎರಡೂ ಕಡೆ ನಮ್ಮನ್ನು ಅಳೆಯುವ ಲೆಕ್ಕವಾಗಿತ್ತು. ಆ ಲೆಕ್ಕದಲ್ಲಿ ನಾನು ಯಾವಾಗಲೂ ಮುಂದಿದ್ದೆ. ಅಭ್ಯರ್ಥಿಗಳ ಮನೆಯವರ ಹೆಸರು, ಮಕ್ಕಳ ಓದು ಎಲ್ಲವನ್ನೂ ನೆನಪಿಟ್ಟುಕೊಂಡು ಮಾತನಾಡಿಸುತ್ತಿದ್ದೆ. ಬೇರೆ ಕಡೆ ಸಿಕ್ಕ ಕೆಲಸವನ್ನು ಬಿಟ್ಟು ನಮ್ಮಲ್ಲಿಗೆ ಬಂದವರಿದ್ದಾರೆ. ಜನರಿಗೆ ಬೆಲೆ ಕೊಡುವ ನೇಮಕಾತಿ ಎಂದರೆ ಇದೇ ಎಂದು ನಂಬಿದ್ದೆ.

ಒಮ್ಮೆ ತೀವ್ರ ನಿಗಾ ಘಟಕಕ್ಕೆ ಸ್ಟಾಫ್ ನರ್ಸ್ ಬೇಕಾಗಿತ್ತು. ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ಆ ಸಿಸ್ಟರ್ ಸಂಬಳದ ಮಾತೆತ್ತಲಿಲ್ಲ. “ಮೇಡಂ, ರಾತ್ರಿ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ರೋಗಿಗಳು ಬರುತ್ತಾರೆ?” ಎಂದರು. ವೆಂಟಿಲೇಟರ್‌ನಲ್ಲಿರುವವರಾದರೆ ಒಬ್ಬರು, ಇಲ್ಲದಿದ್ದರೆ ಇಬ್ಬರು ಎಂದು ನಾನು ತಡವರಿಸದೆ ಹೇಳಿದೆ. ಅವರು ಸೇರಿದರು.

ಈ ಉತ್ತರದಲ್ಲಿ ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಹೊರನೋಟಕ್ಕೆ ಅದು ತಪ್ಪಿನಂತೆ ಕಾಣುವುದಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಆಸ್ಪತ್ರೆಯ ನಿಯಮಾವಳಿಯಲ್ಲಿ ಹಾಗೆಯೇ ಬರೆದಿತ್ತು. ಆದರೆ ಅವರು ಕೇಳಿದ್ದು ರಾತ್ರಿ ಏನು ನಡೆಯುತ್ತದೆ ಎಂದು. ನಾನು ಹೇಳಿದ್ದು ಪುಸ್ತಕದಲ್ಲಿ ಏನಿದೆ ಎಂದು. ನಿಜವಾದ ಉತ್ತರ ನನ್ನ ಕೋಣೆಯ ಕೆಳಗಿನ ಮಹಡಿಯಲ್ಲೇ, ನರ್ಸ್‌ಗಳು ಕೂರುವ ಮೇಜಿನ ಹಿಂದಿನ ಗೋಡೆಯ ಮೇಲಿತ್ತು. ಅದು ಯಾರಿಗೆ ಯಾವ ದಿನ ಯಾವ ಪಾಳಿ ಎಂದು ಬರೆದ ಆ ತಿಂಗಳ ಪಟ್ಟಿ, ಡ್ಯೂಟಿ ರೋಸ್ಟರ್. ಮುಂದೆ ಅದನ್ನು ನೋಡಿದಾಗ ಪೆನ್ಸಿಲ್‌ನಲ್ಲಿ ಬರೆದ ಹೆಸರುಗಳನ್ನು ಅಳಿಸಿ, ಅದರ ಮೇಲೆ ಇನ್ನೊಂದು ಹೆಸರು ಬರೆದು, ಅದನ್ನೂ ಅಳಿಸಿ ಕಾಗದವೇ ತೆಳುವಾಗಿತ್ತು. ಒಂದೇ ಹೆಸರು ಸಂಜೆಯ ಸಾಲಿನಲ್ಲಿಯೂ ಅದೇ ದಿನದ ರಾತ್ರಿಯ ಸಾಲಿನಲ್ಲಿಯೂ ಇತ್ತು. ರಾತ್ರಿ ಒಬ್ಬ ನರ್ಸ್ ಮೂವರನ್ನು ನೋಡಿಕೊಳ್ಳುವುದು ಅಲ್ಲಿ ಸಾಮಾನ್ಯವಾಗಿತ್ತು. ಆ ಹುದ್ದೆ ಖಾಲಿಯಾದದ್ದೇಕೆ, ಅಲ್ಲಿದ್ದವರು ಎಲ್ಲಿಗೆ ಹೋದರು, ಅವರಿಗಿಂತ ಹಿಂದಿನವರು ಏಕೆ ಬಿಟ್ಟರು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಬೇಡಿಕೆಯ ಚೀಟಿ ಕೈಗೆ ಬಂದ ತಕ್ಷಣ ಫೋನ್ ಎತ್ತಿಕೊಳ್ಳುವುದನ್ನೇ ಚುರುಕುತನ ಎಂದುಕೊಂಡಿದ್ದೆ. ಕೇಳುವುದಕ್ಕೆ ಒಂದು ಮಹಡಿ ಇಳಿದರೆ ಸಾಕಿತ್ತು.

ಆ ಸಿಸ್ಟರ್ ರಾಜೀನಾಮೆ ಕೊಡಲು ಬಂದಾಗ ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಎಂದಿತ್ತು. ಎಲ್ಲರ ಪತ್ರದಲ್ಲಿಯೂ ಹಾಗೆಯೇ ಇರುತ್ತದೆ. ಏಕೆ ಎಂದು ಕೇಳಿದೆ. “ಮೇಡಂ, ನಾನು ಮೊದಲೇ ಕೇಳಿದ್ದೆ” ಎಂದಷ್ಟೇ ಹೇಳಿದರು. ಆಮೇಲೆ ಅವರು ನರ್ಸಿಂಗ್ ಕೆಲಸವನ್ನೇ ಬಿಟ್ಟರು ಎಂದು ತಿಳಿಯಿತು. ಅವರ ಕಾಲೇಜಿನ ಸಹಪಾಠಿಗಳು ನಮ್ಮ ಜಾಹೀರಾತಿಗೆ ಅರ್ಜಿ ಹಾಕುವುದನ್ನು ನಿಲ್ಲಿಸಿದರು. ನರ್ಸಿಂಗ್ ಸೂಪರಿಂಟೆಂಡೆಂಟ್ ಸಭೆಯಲ್ಲಿ ಎಲ್ಲರ ಮುಂದೆ, “ಇವರು ಕರೆತರುತ್ತಾರೆ, ಬೀಳ್ಕೊಡುವ ಕೆಲಸ ನಮ್ಮದು” ಎಂದರು. ನನಗೆ ಸಿಗಬೇಕಿದ್ದ ಬಡ್ತಿ ಕೈತಪ್ಪಿತು. ಅದು ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ.

ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಏನಾದೀತು ಎಂದು ಕೇಳುವವರಿಗೆ ನಾನು 2002ರ ಅಧ್ಯಯನವನ್ನು ತೋರಿಸುತ್ತೇನೆ. ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದ ರೋಗಿಗಳ ದಾಖಲೆ ನೋಡಿದರು. ನರ್ಸ್ ಒಬ್ಬರಿಗೆ ಹೆಚ್ಚಾದ ಪ್ರತಿಯೊಬ್ಬ ರೋಗಿಯ ಜೊತೆಗೆ, ದಾಖಲಾದ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರಿತ್ತು. ನರ್ಸ್‌ಗಳು ಕೆಲಸದ ಒತ್ತಡಕ್ಕೆ ಬಸವಳಿಯುವ ಸಾಧ್ಯತೆ ಶೇ 23ರಷ್ಟು ಹೆಚ್ಚಿತ್ತು. ಕ್ಯಾಲಿಫೋರ್ನಿಯಾ 1999ರಲ್ಲಿಯೇ ನರ್ಸ್ ಒಬ್ಬರಿಗೆ ಎಷ್ಟು ರೋಗಿಗಳು ಎಂಬ ಅನುಪಾತದ ಬಗ್ಗೆ ಕಾನೂನು ಮಾಡಿ 2004ರಿಂದ ಜಾರಿಗೆ ತಂದಿತು; ಅಲ್ಲಿ ತೀವ್ರ ನಿಗಾದಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ಆ ಸಿಸ್ಟರ್ ಕೇಳಿದ್ದು ಇಷ್ಟು ತೂಕದ ಪ್ರಶ್ನೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಜನರೊಂದಿಗೆ ಚೆನ್ನಾಗಿ ಮಾತನಾಡುವುದು ಈ ಕೆಲಸದಲ್ಲಿ ಅಪಾಯದ ಗುಣವೂ ಹೌದು. ಮಾತು ಬಲ್ಲವರು ಕೆಟ್ಟ ವಾರ್ಡ್‌ಗೂ ಒಳ್ಳೆಯವರನ್ನು ತಂದುಬಿಡುತ್ತಾರೆ. ಮೊದಲು ವಾರ್ಡ್ ಕಲಿಯಿರಿ. ಪಾಳಿ ಬದಲಾಗುವ ಹೊತ್ತಿಗೆ ಹೋಗಿ, ಅನುಮತಿ ಪಡೆದು, ಒಂದು ಮೂಲೆಯಲ್ಲಿ ನಿಂತು ಹ್ಯಾಂಡೋವರ್, ಅಂದರೆ ಹೊರಡುವ ನರ್ಸ್ ಬರುವವರಿಗೆ ರೋಗಿಗಳ ಸ್ಥಿತಿ ಹೇಳಿ ಒಪ್ಪಿಸುವುದನ್ನು, ಕೇಳಿಸಿಕೊಳ್ಳಿ. ಪಾಳಿ ಮುಗಿದವರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಹೊಸಬರ ಪಕ್ಕದಲ್ಲಿ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ನೋಡಿ. ಕೆಲಸ ಒಪ್ಪಿಕೊಳ್ಳುವ ಮುನ್ನ ಅಭ್ಯರ್ಥಿಯನ್ನೂ ಒಂದು ಪಾಳಿ ಅಲ್ಲಿರಲು ಬಿಡಿ. ಕೆಲವರು ನೋಡಿ ಹಿಂದೆ ಸರಿಯುತ್ತಾರೆ. ಸರಿಯಲಿ. ನೋಡಿದ ಮೇಲೂ ಬಂದವರು ಉಳಿಯುತ್ತಾರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಖ್ಯಸ್ಥೆಯಾಗುವ ಮಾತಿಗೆ ಬಂದರೆ, ನನಗೆ ಆ ಸ್ಥಾನ ಸಿಕ್ಕಿದ್ದು ಬಹಳ ತಡವಾಗಿ, ಇನ್ನೊಂದು ಆಸ್ಪತ್ರೆಯಲ್ಲಿ. ಅಲ್ಲಿನ ಒಂದು ಘಟಕದಿಂದ ಮೇಲಿಂದ ಮೇಲೆ ಬೇಡಿಕೆ ಬರುತ್ತಿತ್ತು. ರೋಸ್ಟರ್‌ಗಳ ಪ್ರತಿ, ಬಿಟ್ಟುಹೋದವರ ಪಟ್ಟಿ ಎರಡನ್ನೂ ಆಡಳಿತ ಸಭೆಯಲ್ಲಿ ಮೇಜಿನ ಮೇಲಿಟ್ಟು, ಇರುವ ಸಿಬ್ಬಂದಿಗೆ ತಕ್ಕಷ್ಟು ಹಾಸಿಗೆ ಮಾತ್ರ ತೆರೆದಿಡುವವರೆಗೆ ಈ ಹುದ್ದೆಗಳಿಗೆ ಯಾರನ್ನೂ ಕರೆಯುವುದಿಲ್ಲ ಎಂದೆ. ಅಲ್ಲಿನ ನರ್ಸಿಂಗ್ ಸೂಪರಿಂಟೆಂಡೆಂಟ್ ನನ್ನ ಪರ ನಿಂತರು. ವಾದ ಜೋರಾಗಿಯೇ ನಡೆಯಿತು, ಕೊನೆಗೆ ಕೆಲವು ಹಾಸಿಗೆಗಳನ್ನು ಮುಚ್ಚಿದರು. ಆ ಮೇಲೆ ಸೇರಿದವರಲ್ಲಿ ಹೆಚ್ಚಿನವರು ಉಳಿದರು. ಮುಂದಾಳ್ತನದ ಪಾಠ ನಾನು ಕಲಿತದ್ದು ಅಲ್ಲಿ.

ನರ್ಸ್‌ಗಳ ಕೊರತೆ ಇದೆ ಎನ್ನುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 58 ಲಕ್ಷ ನರ್ಸ್‌ಗಳು ಕಡಿಮೆ ಇದ್ದರು. ಆದರೆ ಕೊರತೆಯ ಕಾಲದಲ್ಲಿಯೂ ಕೆಲವು ಆಸ್ಪತ್ರೆಗಳಿಗೆ ಜನ ಬಂದು ನಿಲ್ಲುತ್ತಾರೆ. ಅಮೆರಿಕದ ನರ್ಸಿಂಗ್ ಅಕಾಡೆಮಿ 1983ರಲ್ಲಿ ಅಂಥ 41 ಆಸ್ಪತ್ರೆಗಳನ್ನು ಗುರುತಿಸಿ ಅಲ್ಲೇನಿದೆ ಎಂದು ಹುಡುಕಿತು. ಕೈಗೆ ಸಿಗುವ ನರ್ಸಿಂಗ್ ಮುಖ್ಯಸ್ಥರು, ಸಾಕಷ್ಟು ಸಿಬ್ಬಂದಿ, ತಮ್ಮ ಕೆಲಸದ ನಿರ್ಧಾರಗಳಲ್ಲಿ ನರ್ಸ್‌ಗಳಿಗೆ ಇರುವ ಮಾತು, ಇವೇ ಸಿಕ್ಕವು. ಇವುಗಳಲ್ಲಿ ಯಾವುದನ್ನೂ ಜಾಹೀರಾತಿನಿಂದ ತರಲಾಗದು.

ಎಂಬಿಎ ಬೇಕಿದ್ದರೆ ಕೆಲಸ ಮಾಡುತ್ತಲೇ ಮುಂದೆ ಮಾಡಿ. ಏಜೆನ್ಸಿ ಸೇರುವುದಾದರೆ ಅಭ್ಯರ್ಥಿಗಳಿಂದ ಒಂದು ಪೈಸೆಯನ್ನಾದರೂ ಪಡೆಯುವ ಕಡೆಗೆ ಹೋಗಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ಶುಲ್ಕ ಪಡೆಯಬಾರದು ಎನ್ನುತ್ತದೆ. ನನ್ನನ್ನು ಕೇಳಿದರೆ ನೇರವಾಗಿ ಆಸ್ಪತ್ರೆಯನ್ನೇ ಸೇರಿ, ಎಷ್ಟೇ ಚಿಕ್ಕದಿರಲಿ. ನಿಮ್ಮ ಸಂದರ್ಶನದಲ್ಲಿ ಅವರ ಪ್ರಶ್ನೆಗಳು ಮುಗಿದ ಮೇಲೆ, ಕಳೆದ ವರ್ಷ ನೇಮಕವಾದ ನರ್ಸ್‌ಗಳಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ಈ ತಿಂಗಳ ರೋಸ್ಟರ್ ನೋಡಬಹುದೇ ಎಂದು ಕೇಳಿ. ತೋರಿಸಲು ಒಪ್ಪುವ ಕಡೆ ಕೆಲಸಕ್ಕೆ ಸೇರಿ.