ಬೆರಳಿಗೆ ಶಾಯಿ ಇಲ್ಲದ ಮತದಾನ

ಆಸ್ಟ್ರೇಲಿಯಾದ ಮೆಲ್ಬರ್ನಿಗೆ ಬಂದು ನಾಲ್ಕು ತಿಂಗಳಾಯಿತು, ಮತ ಹಾಕದಿದ್ದರೆ ಇಲ್ಲಿ ದಂಡವಂತೆ ನಿಜವೇ, ಒಟ್ಟಿನಲ್ಲಿ ಇಲ್ಲಿಯ ರಾಜಕೀಯ ನಮ್ಮದಕ್ಕಿಂತ ಮೇಲೋ ಕೀಳೋ ಎಂದು ಕೇಳಿದ್ದೀರಿ. ನಾನು ಮೈಸೂರು ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ಎರಡೂ ಕಡೆ ಮತ ಹಾಕಿದ್ದೇನೆ, ಎರಡೂ ಕಡೆ ಆಮೇಲೆ ಬೈದುಕೊಂಡಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ.

ದಂಡ ನಿಜ. ಫೆಡರಲ್, ಅಂದರೆ ಇಡೀ ದೇಶದ, ಚುನಾವಣೆಗೆ 20 ಡಾಲರ್, ರಾಜ್ಯದ್ದಕ್ಕೆ ಅದಕ್ಕಿಂತ ಹೆಚ್ಚು. ನೀವು ಸದ್ಯಕ್ಕೆ ಹೆದರಬೇಕಾಗಿಲ್ಲ. ಪೌರತ್ವ ಸಿಗುವವರೆಗೆ ಮತವೂ ಇಲ್ಲ, ದಂಡವೂ ಇಲ್ಲ. 1922ರ ಚುನಾವಣೆಯಲ್ಲಿ ನೂರಕ್ಕೆ ಅರವತ್ತು ಮಂದಿಯೂ ಮತ ಹಾಕಲಿಲ್ಲವೆಂದು 1924ರಲ್ಲಿ ಈ ಕಾನೂನು ತಂದರು. ಮರುವರ್ಷದ ಚುನಾವಣೆಯಲ್ಲಿ ಆ ಪ್ರಮಾಣ ತೊಂಬತ್ತು ದಾಟಿತು. ಮತದಾನ ಯಾವಾಗಲೂ ಶನಿವಾರ. ರಜೆ ಕೊಟ್ಟರೆ ಮಡಿಕೇರಿಗೆ ಗಾಡಿ ತಿರುಗಿಸುವ ನಮ್ಮ ಬೆಂಗಳೂರಿನವರೂ ಇಲ್ಲಿಗೆ ಬಂದ ಮೇಲೆ ತೆಪ್ಪಗೆ ಸಾಲಿನಲ್ಲಿ ನಿಲ್ಲುತ್ತಾರೆ.

ನಾನು ಇಲ್ಲಿ ಮೊದಲ ಸಲ ಮತ ಹಾಕಿದ್ದು 2013ರಲ್ಲಿ, ಮನೆ ಹತ್ತಿರದ ಶಾಲೆಯಲ್ಲಿ. ಗುರುತಿನ ಚೀಟಿ, ಪಾಸ್‌ಪೋರ್ಟು, ವಿದ್ಯುತ್ ಬಿಲ್ಲು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಮೇಜಿನ ಹಿಂದಿದ್ದ ಹೆಂಗಸು ಅವುಗಳ ಕಡೆ ನೋಡಲೂ ಇಲ್ಲ. ಹೆಸರೇನು, ವಿಳಾಸವೇನು, ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ – ಇಷ್ಟೇ ಕೇಳಿದ್ದು. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೀಟೆಳೆದು ಎರಡು ಕಾಗದ ಕೊಟ್ಟರು. ಒಂದು, ಸಂಸತ್ತಿನ ಕೆಳಮನೆಯದು, ಅಂಗೈಯಗಲ. ಇನ್ನೊಂದು, ಮೇಲ್ಮನೆಯಾದ ಸೆನೆಟ್ಟಿನದು, ತೊಂಬತ್ತಕ್ಕೂ ಹೆಚ್ಚು ಅಭ್ಯರ್ಥಿಗಳ ಹೆಸರು ಹೊತ್ತು ಮೇಜಿನ ಬಟ್ಟೆಯಂತೆ ಇಳಿಬಿದ್ದಿತ್ತು. ರಟ್ಟಿನ ಮರೆಯಲ್ಲಿ ದಾರ ಕಟ್ಟಿದ ಸೀಸದ ಕಡ್ಡಿ. ಹೊರಗೆ ಬಂದ ಮೇಲೆ ಅಭ್ಯಾಸಬಲದಿಂದ ಎಡಗೈ ತೋರುಬೆರಳು ನೋಡಿಕೊಂಡೆ. ಖಾಲಿ. 1962ರಿಂದ ಇಡೀ ದೇಶದ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವ ಊರಿನವನಿಗೆ ಮತವೇ ಬೀಳಲಿಲ್ಲವೇನೋ ಎನ್ನಿಸಿತು.

ಆ ಅಂಗೈಯಗಲದ ಕಾಗದವೇ ಈ ದೇಶದ ರಾಜಕೀಯದ ಕೀಲಿ ಎಂದು ನನಗೆ ಗೊತ್ತಾಗಲು ಇನ್ನೂ ಎರಡು ಚುನಾವಣೆ ಬೇಕಾಯಿತು. ಅದರಲ್ಲಿ ಒಬ್ಬರಿಗೆ ಗುರುತು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಎಂಟು ಜನ ನಿಂತಿದ್ದರೆ ಒಂದರಿಂದ ಎಂಟರವರೆಗೆ ಎಲ್ಲರಿಗೂ ಅಂಕಿ ಕೊಡಬೇಕು. ಒಂದಕ್ಕಿಂತ ಹೆಚ್ಚು ಚೌಕ ಖಾಲಿ ಬಿಟ್ಟರೆ ಮತ ತಿರಸ್ಕೃತವಾಗುತ್ತದೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವನನ್ನು ತೆಗೆದು, ಅವನ ಮತಗಳನ್ನು ಅವುಗಳ ಮುಂದಿನ ಆಯ್ಕೆಗೆ ಹಂಚುತ್ತಾರೆ. ಹೀಗೆಯೇ ಒಬ್ಬರು ಅರ್ಧ ದಾಟುವವರೆಗೆ. 2022ರಲ್ಲಿ ನಮ್ಮ ಮೆಲ್ಬರ್ನಿನ ಕೂಯಾಂಗ್ ಕ್ಷೇತ್ರದಲ್ಲಿ ಆಗಿನ ಹಣಕಾಸು ಮಂತ್ರಿ ಜೋಶ್ ಫ್ರೈಡನ್‌ಬರ್ಗ್ ಮೊದಲ ಎಣಿಕೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಉಳಿದವರ ಎರಡನೆಯ ಮೂರನೆಯ ಆಯ್ಕೆಗಳು ಬಂದು ಸೇರಿದಾಗ ಪಕ್ಷೇತರರಾಗಿ ನಿಂತ ಡಾಕ್ಟರ್ ಮೋನಿಕ್ ರಯಾನ್ ಗೆದ್ದರು. ನಮ್ಮ ಪದ್ಧತಿಯಲ್ಲಾದರೆ ಮಂತ್ರಿಗಳೇ ಗೆದ್ದು ಮೆರವಣಿಗೆ ಹೊರಡುತ್ತಿದ್ದರು.

ಇದರ ಪರಿಣಾಮ ಮತಗಟ್ಟೆಯ ಬಾಗಿಲಲ್ಲೇ ಕಾಣುತ್ತದೆ. ಊರಿನಲ್ಲಿ ನೂರು ಮೀಟರ್ ಒಳಗೆ ಪ್ರಚಾರ ಕೂಡದು. ಇಲ್ಲಿ ಆರು ಮೀಟರ್ ಬಿಟ್ಟರೆ ಸಾಕು. ಹಾಗಾಗಿ ಎದುರಾಳಿ ಪಕ್ಷಗಳವರು ಭುಜಕ್ಕೆ ಭುಜ ತಾಗಿಸಿ ನಿಂತು ಚೀಟಿ ಹಂಚುತ್ತಾರೆ, ಒಬ್ಬರ ಕಾಫಿ ಇನ್ನೊಬ್ಬರು ಹಿಡಿದುಕೊಂಡಿರುತ್ತಾರೆ. ಸಭ್ಯರೆಂದು ಅಲ್ಲ. ಎದುರಾಳಿಯ ಬೆಂಬಲಿಗ ತಮಗೆ ಎರಡನೆಯ ಅಂಕಿ ಕೊಡಬೇಕಲ್ಲ, ಅವನ ಮನಸ್ಸು ಕೆಡಿಸಿದರೆ ನಷ್ಟ ತಮಗೇ. ಕರ್ನಾಟಕದಲ್ಲಿ 2018ರಲ್ಲಿ ಹೆಚ್ಚು ಮತ ಬಿದ್ದದ್ದು ಒಂದು ಪಕ್ಷಕ್ಕೆ, ಹೆಚ್ಚು ಸೀಟು ಬಂದದ್ದು ಇನ್ನೊಂದಕ್ಕೆ. ಅಂಥ ಪದ್ಧತಿಯಲ್ಲಿ ತನ್ನವರನ್ನು ಗಟ್ಟಿಮಾಡಿಕೊಂಡು ಉಳಿದವರನ್ನು ಒಡೆದರೆ ಸಾಕು. ಅದನ್ನು ನಮ್ಮವರು ಚೆನ್ನಾಗಿ ಕಲಿತಿದ್ದಾರೆ.

ಹಾಗೆಂದು ಇಲ್ಲಿಯವರನ್ನು ದೇವರು ಮಾಡಬೇಡಿ. 2008ರಿಂದ 2013ರೊಳಗೆ ಬೆಂಗಳೂರಿನಲ್ಲಿ ಮೂವರು ಮುಖ್ಯಮಂತ್ರಿಗಳಾದರೆಂದು ನಾನು ಕಚೇರಿಯಲ್ಲಿ ನಾಚಿಕೆಪಡುತ್ತಿದ್ದೆ. 2010, 2013, 2015, 2018 – ಈ ನಾಲ್ಕು ಸಲ ಇಲ್ಲಿಯ ಆಳುವ ಪಕ್ಷ ತನ್ನದೇ ಪ್ರಧಾನಿಯನ್ನು ಕೆಳಗಿಳಿಸಿದ ಮೇಲೆ ನಾಚಿಕೆ ಬಿಟ್ಟೆ. ಆದರೆ ಒಂದು ವ್ಯತ್ಯಾಸ: ಇಲ್ಲಿ ಯಾರನ್ನೂ ರೆಸಾರ್ಟಿನಲ್ಲಿ ಕೂಡಿಹಾಕಲಿಲ್ಲ. ಪಕ್ಷದ ಸಂಸದರು ಒಂದು ಕೋಣೆಯಲ್ಲಿ ಸೇರಿ, 2010ರಲ್ಲಿ ಅವಿರೋಧವಾಗಿ, ಉಳಿದ ಮೂರು ಸಲ ಗುಪ್ತಮತ ಹಾಕಿ, ಹೊಸ ನಾಯಕರನ್ನು ಆರಿಸಿ ಹೊರಬಂದರು. ಪಕ್ಷ ಬಿಟ್ಟವರ ಸ್ಥಾನ ಕಳೆಯುವ ಕಾನೂನು ನಮ್ಮಲ್ಲಿ 1985ರಿಂದ ಇದೆ, ಇಲ್ಲಿ ಇಲ್ಲವೇ ಇಲ್ಲ. ಕಾನೂನು ಇರುವ ಕಡೆಯೇ 2019ರಲ್ಲಿ ಹದಿನೇಳು ಶಾಸಕರು ಅನರ್ಹರಾದರು! ಯಾಕೆ ಹೀಗೆ ಎಂದು ಕೇಳಿದರೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಮತಕ್ಷೇತ್ರದಲ್ಲಿ ಖರ್ಚು ಮಾಡುವ ದುಡ್ಡಿನ ಗಾತ್ರ ಒಂದು ಕಾರಣವಿರಬೇಕು.

ಸಂವಿಧಾನದ ಒಂದು ಪದ ಬದಲಿಸಲೂ ಇಲ್ಲಿ ಜನಮತಗಣನೆ ಬೇಕು. ಒಟ್ಟು ಮತದಲ್ಲೂ ಗೆಲ್ಲಬೇಕು, ಆರರಲ್ಲಿ ನಾಲ್ಕು ರಾಜ್ಯಗಳಲ್ಲೂ ಗೆಲ್ಲಬೇಕು. 1901ರಿಂದ ಗೆದ್ದದ್ದು ಎಂಟೇ ತಿದ್ದುಪಡಿ. ನಮ್ಮಲ್ಲಿ ನೂರು ದಾಟಿ ಎಷ್ಟೋ ಕಾಲವಾಯಿತು. 2023ರಲ್ಲಿ, ಸಂಸತ್ತಿಗೆ ಸಲಹೆ ಕೊಡಲು ಮೂಲನಿವಾಸಿಗಳದೊಂದು ಮಂಡಳಿ ಬೇಕೇ ಎಂಬ ಪ್ರಶ್ನೆ ಆರೂ ರಾಜ್ಯಗಳಲ್ಲಿ ಸೋತಿತು. ಅವತ್ತು ಸಂಜೆ ಟಿವಿ ಆರಿಸಿ ಸುಮ್ಮನೆ ಕುಳಿತಿದ್ದೆ. ಬದಲಾಯಿಸಲು ಕಷ್ಟವಾದ ಸಂವಿಧಾನ ಎಲ್ಲ ಕಾಲಕ್ಕೂ ವರವಲ್ಲ.

ಪೌರತ್ವದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇಲ್ಲಿಯ ಪ್ರಮಾಣವಚನ ಮುಗಿದ ಕ್ಷಣಕ್ಕೆ ಊರಿನ ಮತ ಹೋಗುತ್ತದೆ. ಆಮೇಲೆ ಭಾರತೀಯ ಮೂಲದವರೆಂದು ಸಿಗುವ ಒಸಿಐ ಕಾರ್ಡಿನಿಂದ ಅದು ವಾಪಸು ಬರುವುದಿಲ್ಲ. ನಿಮ್ಮ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ. ಅನಿವಾಸಿ ಮತದಾರರಾಗಿ ಹೆಸರು ಬರೆಸಿಕೊಳ್ಳಿ. ಅಂಚೆಯಲ್ಲಿ ಹಾಕಲು ಬಿಡುವುದಿಲ್ಲ, ಖುದ್ದಾಗಿ ಹೋಗಬೇಕು; ಹಬ್ಬಕ್ಕೆ ಹೋಗುವುದನ್ನು ಒಮ್ಮೆ ಚುನಾವಣೆಗೆ ಹೊಂದಿಸಿಕೊಂಡರಾಯಿತು.

ವಿಕ್ಟೋರಿಯಾ ರಾಜ್ಯದ ಚುನಾವಣೆ 2026ರ ನವೆಂಬರ್ 28ಕ್ಕೆ. ಮತ ಇಲ್ಲದಿದ್ದರೂ ಹತ್ತಿರದ ಶಾಲೆಯ ಗೇಟಿನ ತನಕ ಹೋಗಿ ಬನ್ನಿ. ಹೊರಗೆ ಪೋಷಕರು ತವ ಇಟ್ಟುಕೊಂಡು ಸಾಸೇಜ್ ಸುಟ್ಟು ಬ್ರೆಡ್ಡಿನಲ್ಲಿ ಸುತ್ತಿ ಮಾರುತ್ತಿರುತ್ತಾರೆ, ಹಣ ಶಾಲೆಗೆ ಹೋಗುತ್ತದೆ. ಸಸ್ಯಾಹಾರಿಗಳಾದರೆ ಬರೀ ಈರುಳ್ಳಿ ಹಾಕಿಕೊಡಿ ಎಂದರೆ ಕೊಡುತ್ತಾರೆ. ಹುರಿಯುವುದು ಅದೇ ತವದ ಮೇಲೆ. ಅಷ್ಟು ಮಡಿಯಿದ್ದರೆ ಪಕ್ಕದ ಮೇಜಿನಲ್ಲಿ ಕೇಕ್ ಇರುತ್ತದೆ, ಮೊಟ್ಟೆ ಹಾಕಿದ್ದಾರೋ ಕೇಳಿಕೊಳ್ಳಿ.